ಅಣ್ಣನ ಒಂದು ಜೊತೆ ಮೆಟ್ಟು

೧೯೫೯ ಮಾರ್ಚ್ ೧೨, ಗುರುವಾರ. ಬೆಳಿಗ್ಗೆ ೮

ರಾತ್ರಿಯ ಕೇಳಿಕೆ, ನಮ್ಮೂರ ಬಯಲಾಟ, ಮುಗಿಯಿತು. ಖರ್ಚು — ಆಟ ಕಲಿಸಿದ ಮೇಷ್ಟ್ರಿಗೆ ಎಂಬತ್ತು, ವೇಷದ ಬಾಡಿಗೆ ಮೂವತ್ತೈದು, ಪೆಟ್ರೋಮ್ಯಾಕ್ಸ್ ಹನ್ನೆರಡು, ಬಣ್ಣ, ಎಣ್ಣೆ, ಅವಲಕ್ಕಿ ಹದಿನೆಂಟು. ಒಟ್ಟು ನೂರ ನಲವತ್ತೈದು ರೂಪಾಯಿ. ಅಣ್ಣನ ಮೆಟ್ಟು ಒಂದು ಜೊತೆ — ಅದು ಖರ್ಚಲ್ಲ, ಕೈಗಡ.

ರಾಮಾಯಣದಲ್ಲಿ ಅಣ್ಣನ ಪಾದುಕೆ ತಲೆಯ ಮೇಲೆ ಹೊರುವ ತಮ್ಮನ ವೇಷ ನನ್ನದು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ವ್ಯಾಪಾರ ಕುದುರಿಸಿ ಬಾಯಿಂದಲೇ ಬದುಕು ಕಟ್ಟಿದವನು, ಮಾತು ತಪ್ಪುತ್ತೇನೆಯೇ? ರಾಜ್ಯ ನನಗೆ ಬೇಡ ಅಂದಾಗ ಹೆಂಗಸರೆಲ್ಲ ಸೆರಗು ಕಣ್ಣಿಗೆ ಒತ್ತಿದರು. ನಾನೂ ಅತ್ತೆ. ನಿಜವಾಗಿಯೇ.

ಈ ಮೇಳದಲ್ಲಿ ಮರದ ಪಾದುಕೆ ಆಗುವುದಿಲ್ಲ. ವೇಷಧಾರಿಯ ಸ್ವಂತ ಅಣ್ಣ ಮೆಟ್ಟಿದ್ದೇ ಬೇಕು. ಹೊತ್ತವನೇ ಹೋಗಿ ತಿರುಗಿ ತೊಡಿಸಬೇಕು. ಅಲ್ಲಿಯವರೆಗೆ ಅಣ್ಣ ಬರಿಗಾಲು.

ಆಸ್ತಿ ಪಾಲಾದ ಮೇಲೆ ಅಣ್ಣ ಮುದ್ದಣ್ಣನಿಗೂ ನನಗೂ ಆರು ವರ್ಷ ಮಾತಿಲ್ಲ. ಬಾವಿ ನನ್ನ ಪಾಲಿಗೆ ಬಿತ್ತು — ಬಿದ್ದಿದ್ದೇನು, ಪಂಚಾಯ್ತಿಯಲ್ಲಿ ಮಾತಾಡಿ ಬೀಳಿಸಿಕೊಂಡೆ. ಆದರೂ ಮೆಟ್ಟು ಕೇಳಿ ಕಳಿಸಿದ ಕೂಡಲೇ ಬಿಚ್ಚಿ ಕೊಟ್ಟಿದ್ದ.

ಮಾರ್ಚ್ ೧೩

ತೊಡಿಸಿ ಬರಲು ಹೊರಟೆ. ಗಂಗುಲಪ್ಪ ಮೇಷ್ಟ್ರು ಚಿಂತಾಮಣಿ ಬಸ್ಸಿಗೆ ಕಾಯುತ್ತಿದ್ದರು.

"ಏಮಪ್ಪಾ ಚೆನ್ನರಾಯಪ್ಪ, ಸುಮ್ನೆ ತೊಡಿಸಿ ಬಂದ್ಬಿಟ್ಟೀಯ. ನಾಲ್ಕು ಜನರ ಮುಂದೆ 'ಏನು ಬೇಕು ಕೇಳಣ್ಣ' ಅನ್ಬೇಕು. ಏನು ಕೇಳಿದ್ರೂ ಇಲ್ಲ ಅನ್ನಂಗಿಲ್ಲ."

"ಏನು ಕೇಳಿದ್ರೂನಾ?"

"ಯಾಕಪ್ಪಾ, ಮೊನ್ನೆ ರಾತ್ರಿ ರಾಜ್ಯಾನೇ ಬಿಟ್ಟೋನು, ಇವತ್ತು ಬೆವರ್ತಾ ಇದೀಯ!"

ನಕ್ಕರು. ಬಾವಿ ಕಣ್ಣ ಮುಂದೆ ಬಂತು. ಅರ್ಧ ದಾರಿಯಿಂದ ತಿರುಗಿ ಬಂದೆ.

ಮಾರ್ಚ್ ೨೨

ಹಿಪ್ಪುನೇರಳೆಗೆ ಎರಡನೇ ನೀರು. ಬಾವಿಯಿಂದ ನೀರೆತ್ತುವ ಕಪಿಲೆಯ ಎತ್ತುಗಳು ಸುಸ್ತು.

ಊಟಕ್ಕೆ ಕೂತರೆ ಹೆಂಡತಿ ಅಕ್ಕಯಮ್ಮನ ವರಾತ. "ಬಾವ ಬರಿಗಾಲಲ್ಲಿ ಗೊಬ್ಬರ ಹೊಡೀತವ್ರೆ ಕಣ್ರೀ. ಬೇರೆ ಮೆಟ್ಟು ತಂದ್ಕೊಟ್ರೂ ಮುಟ್ಟಲಿಲ್ವಂತೆ, ತಮ್ಮ ಬರ್ತಾನೆ ಅಂದ್ರಂತೆ. ನಿಮಗೇನ್ ಕಾಲು ಸವೀತದಾ?"

"ಯುಗಾದಿ ಕಳೀಲಿ ಕಣೇ."

ಹೆಂಡತಿಗೆ ಹೇಳಿದ್ದು ಅಷ್ಟು. ಲೆಕ್ಕ ಬೇರೆ — ಈ ಬೆಳೆ ಒಂದು ಕೈಗೆ ಬರಲಿ, ಆಮೇಲೆ ನೀರು ಕೇಳಿದರೂ ಅಷ್ಟು ನಷ್ಟವಿಲ್ಲ.

ಮಾರ್ಚ್ ೩೧

ಗೊಬ್ಬರ ಹೊಡೆಯುವಾಗ ಅಣ್ಣನ ಬಲಗಾಲಿಗೆ ತುಕ್ಕು ಮೊಳೆ ಚುಚ್ಚಿತ್ತಂತೆ. ವಾರವಾಯಿತಂತೆ. ಅರಿಸಿನ ಇಟ್ಟುಕೊಂಡು ಓಡಾಡಿದ್ದಾನೆ. ಇವತ್ತು ಬಾಯಿ ಬಿಡಲಾಗುತ್ತಿಲ್ಲ. ಗಾಡಿ ಕಟ್ಟಿ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಧನುರ್ವಾಯು.

ಏಪ್ರಿಲ್ ೧

ಮೆಟ್ಟು ಟವೆಲಿನಲ್ಲಿ ಸುತ್ತಿಕೊಂಡು ಮೊದಲ ಬಸ್ಸು ಹಿಡಿದೆ.

ಅತ್ತಿಗೆ ಕದಿರಮ್ಮ ಬಾಗಿಲ ಹತ್ತಿರ ಕೂತಿದ್ದರು. ನನ್ನನ್ನು ನೋಡಲಿಲ್ಲ, ಟವೆಲನ್ನು ನೋಡಿದರು.

ಎಡಗಾಲಿಗೆ ತೊಡಿಸಿದೆ. ಬಲಗಾಲು ಬಾತಿತ್ತು, ಹೋಗಲಿಲ್ಲ. ಎಷ್ಟು ಮಾಡಿದರೂ...

"ಏನು ಬೇಕು ಕೇಳಣ್ಣಾ" ಅಂದೆ. ನರ್ಸು, ಪಕ್ಕದ ಮಂಚದವರು, ಅತ್ತಿಗೆ. ನಾಲ್ಕು ಜನ ಇದ್ದರು, ಬೇಕಾದಷ್ಟು ಸಾಕ್ಷಿ.

ಅಣ್ಣನ ಹಲ್ಲು ಬಿಗಿದಿತ್ತು. ಕಣ್ಣು ಮಾತ್ರ ನನ್ನ ಮೇಲೆ. ಮತ್ತೆ ಕೇಳಿದೆ. ಮತ್ತೆ. ನರ್ಸು ಹೊರಗೆ ಕಳಿಸಿದಳು.

ಏಪ್ರಿಲ್ ೯, ಯುಗಾದಿ

ಮೂರನೇ ತಾರೀಖು ಹೋದ. ಮಣ್ಣಿಗಿಡುವಾಗಲೂ ಎಡಗಾಲಿನ ಮೆಟ್ಟು ಬಿಚ್ಚಲು ಅತ್ತಿಗೆ ಬಿಡಲಿಲ್ಲ.

ಸೂತಕ. ಹೋಳಿಗೆ ಇಲ್ಲ. ಬೆಳಿಗ್ಗೆ ಅಣ್ಣನ ಮನೆ ಹೊಸಿಲ ಹೊರಗೇ ನಿಂತು ಕೇಳಿದೆ.

"ಬಾವಿ ಕೇಳ್ತಿದ್ನಾ ಅತ್ತಿಗೆ?"

"ಬಾವಿ ಯಾರಿಗೆ ಬೇಕಿತ್ತಪ್ಪಾ... ಹಬ್ಬಕ್ಕೆ ಹೆಂಡ್ತಿ ಮಕ್ಕಳನ್ನ ಕರ್ಕಂಡು ಬಾ, ಒಟ್ಟಿಗೆ ಉಣ್ಣಣ ಅಂತ ಕೇಳ್ತೀನಿ ಅಂತಿದ್ರು. ದಿನಾ ಅದೇ ಮಾತು."

ವಾರಕ್ಕೆ ಮೂರು ದಿನ ಬಾವಿ ನೀರು ನಿಮ್ಮದು ಅಂದೆ.

"ಈಗ ಕಪಿಲೆ ಹೊಡಿಯೋರ್ಯಾರು?" ಅಂದು ಒಳಗೆ ಹೋದರು.

ಯಾರಿಗೆ ಏನು ಬಂತು, ಬರೆದಿಡುತ್ತೇನೆ. ಮೇಷ್ಟ್ರಿಗೆ ಎಂಬತ್ತು ರೂಪಾಯಿ, ಮಂಡಿಕಲ್ ಕಡೆಯಿಂದ ಇನ್ನೆರಡು ಆಟ. ಊರಿಗೆ ಒಂದು ರಾತ್ರಿಯ ಅಳು. ನನಗೆ ಆಟದ ರಾತ್ರಿ ಊರವರು ಹೊದಿಸಿದ ಶಾಲು, ಹೆಸರು, ಬಾವಿ ಪೂರ್ತಿ. ಅಣ್ಣನಿಗೆ ಎಡಗಾಲಿಗೆ ಒಂದು ಮೆಟ್ಟು.

ಬಲಗಾಲಿನದು ಇಲ್ಲೇ, ನನ್ನ ಹತ್ತಿರ — ತೀರದ ಕೈಗಡ.