ಹತ್ತೊಂಬತ್ತನೆಯ ತಲೆ

ನೆಲ್ಸ್‌ಬರ್ಗ್, ಅಯೋವಾ
ಫೆಬ್ರವರಿ 11

ಕಾನೂನಿನ ಪ್ರಕಾರ ಇನ್ನೂ ನನ್ನ ಗಂಡನೇ ಆಗಿರುವ ಲೊವೆಲ್‌ಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ಕ್ಷೇಮವಾಗಿಲ್ಲವೆಂದು ಊರಿಗೆಲ್ಲ ಗೊತ್ತಿರುವಾಗ ಕೇಳಿ ನಾನೇಕೆ ಕೆಟ್ಟವಳಾಗಲಿ? ನಾನು ಚೆನ್ನಾಗಿದ್ದೇನೆ. ಈ ವಾರವಂತೂ ಎಷ್ಟು ಚೆನ್ನಾಗಿದ್ದೇನೆಂದರೆ ನಿನ್ನೆ ಅಂಚೆಯವನು, ಏನಮ್ಮ ಮೊಮ್ಮಗು ಹುಟ್ಟಿತೇ ಎಂದು ವಿಚಾರಿಸಿದ.

ವಿಷಯಕ್ಕೆ ಬರುತ್ತೇನೆ. ಕಳೆದ ಸೋಮವಾರ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸಲು ನಡೆದ ನಮ್ಮ ವಾರ್ಡಿನ ಕಾಕಸ್ ಸಭೆಯಲ್ಲಿ ಎಣಿಕೆ ತಪ್ಪಾಗಿದೆ ಎಂದು ನೀನು ಜಿಲ್ಲಾ ಸಮಿತಿಗೆ ದೂರು ಕೊಟ್ಟಿದ್ದೀಯಂತೆ. ಸಭೆ ನಡೆಸಿದ ವೆಂಡಲ್ ಓಸ್ಬಿ ಆ ಕಾಗದ ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದರು. ಮೂವತ್ತಾರು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದ ಮನುಷ್ಯ, ಪಾಪ, ಕಣ್ಣಲ್ಲಿ ನೀರು. ಅವರಿಗೆ ಕಾಫಿ ಕೊಟ್ಟು ಸಮಾಧಾನ ಹೇಳಿದೆ: ಲೊವೆಲ್‌ನ ಎಣಿಕೆ ಒಂದಿತ್ತು, ನಿಮ್ಮ ಎಣಿಕೆ ಇನ್ನೊಂದಾಯಿತು, ಅದಕ್ಕೆ ಮೋಸ ಎನ್ನುವುದಿಲ್ಲ, ಗಣಿತ ಎನ್ನುತ್ತಾರೆ ಎಂದು. ಉತ್ತರ ಬರೆಯುವ ಕೆಲಸ ನನಗೇ ಬಿಡಿ ಎಂದೂ ಹೇಳಿದೆ. ಬರೆಯುವ ಕೆಲಸ ನನಗೆ ಹೊಸದಲ್ಲ. ಮೂವತ್ತೊಂದು ವರ್ಷ ನಿನ್ನ ಹೆಸರಿನಲ್ಲಿ ಬರೆದವಳು, ಇದೊಂದನ್ನು ನನ್ನ ಹೆಸರಿನಲ್ಲಿ ಬರೆಯುತ್ತಿದ್ದೇನೆ.

ಎಂಟು ಕಾಕಸ್ ನಡೆಸಿದವನಿಗೆ ನಿಯಮ ಹೇಳಿಕೊಡುವ ಭಾಗ್ಯ ಎಲ್ಲ ಹೆಂಡತಿಯರಿಗೂ ಸಿಗುವುದಿಲ್ಲ, ಆದ್ದರಿಂದ ನಿಧಾನವಾಗಿ ಸವಿಯುತ್ತೇನೆ. ಏಳು ಗಂಟೆಯೊಳಗೆ ಶಾಲೆಯ ಜಿಮ್‌ಗೆ ಬಂದು ಸಹಿ ಹಾಕಿದವರೆಲ್ಲ ತಲೆಯೆಣಿಕೆಗೆ ಸೇರುತ್ತಾರೆ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಮೂಲೆ. ಬಂದವರಲ್ಲಿ ನೂರಕ್ಕೆ ಹದಿನೈದು ಮಂದಿ ಯಾವ ಮೂಲೆಯಲ್ಲಿ ಇಲ್ಲವೋ ಆ ಮೂಲೆ ಲೆಕ್ಕಕ್ಕಿಲ್ಲ. ಸಾಕಷ್ಟು ಜನ ಸೇರಿದ ಮೂಲೆಯವರು ನಿಂತಲ್ಲೇ ನಿಲ್ಲಬೇಕು, ಕದಲುವಂತಿಲ್ಲ. ಸಾಲದೆ ಬಿದ್ದವರಿಗೆ ಹದಿನೈದು ನಿಮಿಷ ಕಾಲಾವಕಾಶ: ಬೇರೆ ಮೂಲೆಗೆ ಹೋಗಬಹುದು, ಇಲ್ಲವೇ ತಮ್ಮಂತೆ ದಿಕ್ಕಿಲ್ಲದವರನ್ನು ತಮ್ಮ ಕಡೆಗೆ ಎಳೆದುಕೊಳ್ಳಬಹುದು. ಲೆಕ್ಕದಲ್ಲಿ ಭಿನ್ನರಾಶಿ ಬಂದರೆ ಮೇಲಕ್ಕೇ ಏರಿಸಬೇಕು, ಏಕೆಂದರೆ ಕಾಲು ಮನುಷ್ಯ ಎಂಬುದು ಎಲ್ಲಿಯೂ ಇಲ್ಲ. ಮುಕ್ಕಾಲು ಗಂಡ ಎಂಬುದುಂಟು, ಅದು ಬೇರೆ ಮಾತು.

ಈಗ ಲೆಕ್ಕ. ಏಳಕ್ಕೆ ಹತ್ತು ನಿಮಿಷವಿದ್ದಾಗ ನಿಮ್ಮಮ್ಮ ಹುಲ್ದಾ ಸಹಿ ಹಾಕಿದರು, ನೂರಿಪ್ಪತ್ತನೆಯವರು. ನೂರಿಪ್ಪತ್ತಕ್ಕೆ ಹದಿನೆಂಟು ತಲೆ ಸಾಕು. ಹುಲ್ದಾ ಅಮ್ಮ ಊರುಗೋಲು ಊರಿಕೊಂಡು ನಿನ್ನ ಅಭ್ಯರ್ಥಿ ಗವರ್ನರ್ ಪ್ರೆಂಟಿಸ್ ಅವರ ಮೂಲೆಗೆ ಬಂದಾಗ ನಿನ್ನ ಹತ್ತಿರ ಸರಿಯಾಗಿ ಹದಿನೆಂಟು ತಲೆ ಆಯಿತು. ನೀನು ಮೀಸೆಯಡಿ ನಕ್ಕದ್ದನ್ನು ಬಾಗಿಲಿನಿಂದಲೇ ನೋಡಿದೆ. ನೋಡಿ ಒಳಗೆ ಬಂದು ನಾನೂ ಸಹಿ ಹಾಕಿದೆ, ನೂರಿಪ್ಪತ್ತೊಂದನೆಯವಳು. ಅಷ್ಟೇ ನಾನು ಮಾಡಿದ್ದು. ಹದಿನೈದರಿಂದ ಗುಣಿಸಿ ನೂರರಿಂದ ಭಾಗಿಸು: ಹದಿನೆಂಟು ದಶಾಂಶ ಒಂದು ಐದು. ಅಂದರೆ ಹತ್ತೊಂಬತ್ತು. ನಾನು ಯಾರಿಗೂ ಬಯ್ಯಲಿಲ್ಲ, ಯಾರ ಕಿವಿಯನ್ನೂ ಕಚ್ಚಲಿಲ್ಲ. ಬರೀ ಬಂದೆ. ನಾನು ಬಂದದ್ದೇ ನಿನಗೆ ಹೆಚ್ಚಾಯಿತು. ಇದನ್ನು ಮದುವೆಯಲ್ಲೂ ನೀನು ಆಗಾಗ ಹೇಳುತ್ತಿದ್ದೆ.

ಎಲ್ಲ ಮೊದಲೇ ಲೆಕ್ಕ ಹಾಕಿದ್ದೆ, ಲೊವೆಲ್. ಅಕ್ಟೋಬರ್ ತಿಂಗಳಿನಿಂದಲೇ. ಅಂದರೆ ಪತ್ರಿಕೆಯಲ್ಲಿ ನಿನ್ನ ಫೋಟೋ ಬಂದ ದಿನದಿಂದ. ಹೋದ ವಸಂತದಲ್ಲಿ ನೀನು ಮನೆ ಬಿಟ್ಟಾಗ ಹಾಸಿಗೆ ಒಯ್ಯಲಿಲ್ಲ, ನಿನ್ನ ಅಪ್ಪನ ಗಡಿಯಾರ ಒಯ್ಯಲಿಲ್ಲ, ಒಯ್ದದ್ದು ನನ್ನ ತಗಡಿನ ಡಬ್ಬಿ ಒಂದೇ. ಅದರಲ್ಲಿ ಇನ್ನೂರ ಹನ್ನೆರಡು ಕಾರ್ಡು, ಮನೆಗೊಂದು. ಯಾರು ಯಾರ ಕಡೆ ವಾಲುತ್ತಾರೆ, ಯಾರಿಗೆ ಸೊಂಟ ನೋವು, ಯಾರ ಮನೆಯಲ್ಲಿ ನಾಯಿಯಿದೆ, ಯಾವ ಅಣ್ಣತಮ್ಮಂದಿರನ್ನು ಒಂದೇ ಕಾರಿನಲ್ಲಿ ಕೂರಿಸಬಾರದು, ಎಲ್ಲ ನನ್ನ ಕೈಬರಹ. ನೀನು ಜನರ ಕೈ ಕುಲುಕುತ್ತಿದ್ದೆ, ನಾನು ಮನೆಗೆ ಬಂದು ಬರೆಯುತ್ತಿದ್ದೆ. ಆ ಡಬ್ಬಿಯನ್ನು ಎದೆಗವಚಿಕೊಂಡು ನಿಂತ ನಿನ್ನ ಫೋಟೋದ ಕೆಳಗೆ, ‘ಮೂವತ್ತು ವರ್ಷ ಒಬ್ಬಂಟಿಯಾಗಿ ಕಟ್ಟಿದ ಪಟ್ಟಿ’ ಎಂದಿತ್ತು. ನಮ್ಮ ವಾರ್ಡಿನಲ್ಲಿ ಗವರ್ನರ್‌ಗೆ ನೆಲೆ ಸಿಕ್ಕರೆ ನಿನ್ನನ್ನು ರಾಷ್ಟ್ರೀಯ ಸಮ್ಮೇಳನಕ್ಕೆ ಪ್ರತಿನಿಧಿಯಾಗಿ ಕಳುಹಿಸುತ್ತಾರೆಂದೂ ಇತ್ತು. ನೀನು ಕೈ ಕುಲುಕುವುದರಲ್ಲಿ ನಿಪುಣ, ಗೊತ್ತಿತ್ತು. ಕೈ ಕೊಡುವುದರಲ್ಲಿ ಅದಕ್ಕಿಂತ ನಿಪುಣ ಎಂದು ಅವತ್ತು ಗೊತ್ತಾಯಿತು.

ಇನ್ನು ಅಭ್ಯರ್ಥಿಗಳ ವಿಷಯ. ಹೆಂಡತಿ ಆರ್ಡಿತ್‌ಗೆ ಗವರ್ನರ್ ಮೇಲೆ ದ್ವೇಷ ಎಂದು ನೀನು ದೂರಿನಲ್ಲಿ ಬರೆದಿರುವುದರಿಂದ ಇದನ್ನೂ ದಾಖಲೆಯಲ್ಲಿ ಇಡುತ್ತೇನೆ. ಮೂವರೂ ನನ್ನ ಅಡುಗೆಮನೆಯಲ್ಲಿ ಕೂತು ಹೋದವರು, ಮೂವರನ್ನೂ ಒಂದೇ ಮೇಜಿನ ಮೇಲೆ ತೂಗಿದ್ದೇನೆ.

ಸೆನೆಟರ್ ಕ್ಯಾಲ್ಡ್‌ವೆಲ್ ಅವರ ದನಿ ಬೆಣ್ಣೆ, ಆದರೆ ರೊಟ್ಟಿ ಕಾಣಲಿಲ್ಲ. ಈ ಕೈ ಕುಲುಕುವಾಗಲೇ ಕಣ್ಣು ಮುಂದಿನ ಕೈಯನ್ನು ಹುಡುಕುತ್ತಿರುತ್ತದೆ. ನಮ್ಮ ಬಾವಿಯ ನೀರಿನಲ್ಲಿ ಗೊಬ್ಬರದ ವಿಷ ಇಳಿದಿದೆ, ಏನು ಮಾಡುತ್ತೀರಿ ಎಂದು ಕೇಳಿದರೆ ನೀರೇ ಜೀವ ಎಂದು ಹೇಳಿ ನೀರು ಕುಡಿದರು. ಬಾಟಲಿಯದು. ಸಂಸದೆ ಓಸ್ಟ್ರಾಂಡರ್‌ಗೆ ಅದೇ ಪ್ರಶ್ನೆ ಕೇಳಿದ್ದಕ್ಕೆ ನಲವತ್ತು ನಿಮಿಷ ಉತ್ತರ ಕೊಟ್ಟರು. ಎಲ್ಲ ಸರಿಯಾದ ಉತ್ತರವೇ, ಅದೇ ತೊಂದರೆ. ಅವರು ಸರ್ಕಾರ ನಡೆಸಬಲ್ಲರು, ಮಾತು ನಿಲ್ಲಿಸಲಾರರು. ಆದರೂ ತಮಗೆ ಮತ ಹಾಕದ ಊರಿನ ನೀರಿನ ಅಂಕಿಅಂಶವೂ ಆ ಹೆಂಗಸಿಗೆ ಬಾಯಿಪಾಠ, ಅದಕ್ಕೆ ನನ್ನ ಗೌರವವಿದೆ. ನಿನ್ನ ಗವರ್ನರ್ ಮಾತ್ರ, ನನಗೆ ಗೊತ್ತಿಲ್ಲ ಎಂದರು. ನನ್ನ ರೂಬಾರ್ಬ್ ಪೈ ಎರಡನೆಯ ಸಲ ಹಾಕಿಸಿಕೊಂಡು ಹೋದರು. ಮೂರು ವಾರದ ಮೇಲೆ ಕೈಯಲ್ಲೇ ಬರೆದ ಎರಡು ಪುಟದ ಉತ್ತರ ಬಂತು. ತಮ್ಮ ರಾಜ್ಯದಲ್ಲಿ ಮುಚ್ಚಿದ್ದ ಹೆರಿಗೆ ವಾರ್ಡುಗಳನ್ನು ಹೇಗೆ ತೆರೆಸಿದರೋ ಅದನ್ನೂ ಬರೆದಿದ್ದರು. ನಮ್ಮ ಹುಡುಗಿಯರು ಹೆರಿಗೆಗೆ ಎಪ್ಪತ್ತು ಮೈಲಿ ಹೋಗುತ್ತಾರೆಂಬ ಮಾತು ನಾನು ಅವತ್ತು ಹಾಗೇ ಒಂದು ಸಲ ಆಡಿದ್ದೆ, ಅಷ್ಟೇ. ಗೊತ್ತಿಲ್ಲ ಎನ್ನುವ ಗಂಡಸನ್ನು ನಾನು ಅದೇ ಮೊದಲು ಕಂಡದ್ದು. ಮೂವರಲ್ಲಿ ಅವರೇ ಮೇಲು. ಅದರಲ್ಲಿ ನನಗೆ ನಿನ್ನೊಡನೆ ಮತಭೇದವಿಲ್ಲ.

ಹಾಗಾದರೆ ಯಾಕೆ ಬರಲಿಲ್ಲ ಎನ್ನುತ್ತೀಯ.

ಜ್ಞಾಪಿಸಿಕೋ. ಸೆನೆಟರ್ ಮೂಲೆಯಲ್ಲಿ ಐವತ್ತೆಂಟು, ಸಂಸದೆಯ ಮೂಲೆಯಲ್ಲಿ ನಲವತ್ತನಾಲ್ಕು, ಇಬ್ಬರ ಕಡೆಯವರೂ ಕದಲುವಂತಿಲ್ಲ. ನಿನ್ನ ಹದಿನೆಂಟು ಜನ. ‘ಇನ್ನೂ ನಿರ್ಧರಿಸಿಲ್ಲ’ ಎಂಬ ಫಲಕದ ಕೆಳಗೆ ಒಬ್ಬಳೇ ನಾನು. ಇಡೀ ಜಿಮ್‌ನಲ್ಲಿ ನಿನ್ನನ್ನು ಉಳಿಸಬಲ್ಲ ತಲೆ ಒಂದೇ, ಅದು ನನ್ನ ಕುತ್ತಿಗೆಯ ಮೇಲಿತ್ತು. ನೀನು ಆ ಬ್ಯಾಸ್ಕೆಟ್‌ಬಾಲ್ ಅಂಕಣವನ್ನು ಉದ್ದಕ್ಕೂ ದಾಟಿ ಬಂದೆಯಲ್ಲ, ನಿನ್ನ ಹೊಸ ಬೂಟು ಹೆಜ್ಜೆಹೆಜ್ಜೆಗೂ ಕೀರಲು ದನಿ ತೆಗೆಯುತ್ತಿತ್ತು. ಊರಿಗೆ ಊರೇ ಮಾತು ನಿಲ್ಲಿಸಿ ಅದನ್ನೇ ಕೇಳುತ್ತಿತ್ತು. ನಮ್ಮ ಮದುವೆಯ ದಿನ ನಾನು ನಡೆದು ಬಂದಾಗಲೂ ಇಷ್ಟು ಜನ ಇಷ್ಟು ಗಮನ ಕೊಟ್ಟಿರಲಿಲ್ಲ.

“ಒಂದೇ ಒಂದು ತಲೆ ಕಡಿಮೆ ಬಿದ್ದಿದೆ, ಆರ್ಡಿ. ಹಳೇದೆಲ್ಲ ಬಿಟ್ಬಿಡು, ಬಾ,” ಅಂದೆ ನೀನು.

ನಾನು ನಿರ್ಧಾರ ಮಾಡದವಳು, ಒಪ್ಪಿಸುವುದು ನಿನ್ನ ಕೆಲಸ, ಗವರ್ನರ್ ಯಾಕೆ ಒಳ್ಳೆಯವರು ಹೇಳು ಎಂದು ಕೇಳಿದೆ. ನೀನು ಜೇಬಿನಿಂದ ಕರಪತ್ರ ತೆಗೆದು ಅನುಭವ, ಪ್ರಾಮಾಣಿಕತೆ, ದೂರದೃಷ್ಟಿ ಎಂದು ಓದಿದೆ, ಅದೂ ಕರಪತ್ರವನ್ನು ದೂರ ಹಿಡಿದುಕೊಂಡು. ಈ ಮೂರೂ ಮೂವರ ಕರಪತ್ರದಲ್ಲೂ ಇವೆ ಎಂದೆ ನಾನು. ಹೆರಿಗೆ ವಾರ್ಡಿನ ಮಾತು ಬರುತ್ತದೇನೋ ಎಂದು ಕಾದೆ, ಬರಲಿಲ್ಲ. ಗವರ್ನರ್ ನಮ್ಮ ಅಡುಗೆಮನೆಯಲ್ಲಿ ಕೂತಿದ್ದ ಸಂಜೆ ನೀನು ಅಂಗಳದಲ್ಲಿ ಛಾಯಾಗ್ರಾಹಕನ ಜೊತೆಗಿದ್ದೆ, ನಿನಗೆ ಹೇಗೆ ಗೊತ್ತಾಗಬೇಕು?

ಆಮೇಲೆ ನಾನು ಹೇಳಿದೆ, “ಆ ಕಾರ್ಡು ಬರೆದದ್ದು ಯಾರು ಅಂತ ಇಲ್ಲೇ ನಿಂತ್ಕೊಂಡು, ಎಲ್ಲರಿಗೂ ಕೇಳೋ ಹಾಗೆ ಹೇಳು. ಹೇಳಿದ ತಕ್ಷಣ ಬರ್ತೀನಿ.”

ನಾನು ಸುಳ್ಳು ಹೇಳಲಿಲ್ಲ, ಲೊವೆಲ್. ಹೇಳಿದ್ದರೆ ಬರುತ್ತಿದ್ದೆ.

ನೀನು ನೆಲ ನೋಡಿದೆ. ನನಗೆ ಮಾತ್ರ ಕೇಳುವ ಹಾಗೆ, “ಇಬ್ರೂ ಸೇರಿ ಬರೆದದ್ದಲ್ವಾ?” ಅಂದೆ.

ಅಷ್ಟರಲ್ಲಿ ಮಡಚು ಕುರ್ಚಿಯಲ್ಲಿ ಕೂತಿದ್ದ ನಿಮ್ಮಮ್ಮ, ಕಿವಿ ಮಂದವಾದವರಿಗೆ ಬರುವ ಆ ದೊಡ್ಡ ದನಿಯಲ್ಲಿ, “ಹೇಳ್ಬಿಡೋ. ನಿನ್ನ ಅಕ್ಷರ ಕೋಳಿ ಕೆದಕಿದ ಹಾಗಿರುತ್ತೆ ಅಂತ ಊರಿಗೇ ಗೊತ್ತು,” ಅಂದರು. ಸೆನೆಟರ್ ಮೂಲೆಯವರೂ ನಕ್ಕರು. ವೆಂಡಲ್ ಎರಡು ನಿಮಿಷ ಉಳಿದಿದೆ ಎಂದರು. ಎರಡು ನಿಮಿಷ ನೀನು ನಿಂತೇ ಇದ್ದೆ, ನಾನು ಕಾದೇ ಇದ್ದೆ. ‘ಕಾರ್ಡು ಬರೆದದ್ದು ಆರ್ಡಿತ್’, ಮೂರೇ ಮೂರು ಪದದ ಮಾತು. ಅದಕ್ಕಿಂತ ಪ್ರತಿನಿಧಿ ಸ್ಥಾನ ಕಳೆದುಕೊಳ್ಳುವುದೇ ನಿನಗೆ ಸುಲಭವಾಗಿ ಕಂಡಿತು. ನಾನು ಕೈಚೀಲ ಎತ್ತಿಕೊಂಡು ಸಂಸದೆಯ ಮೂಲೆಗೆ ನಡೆದೆ. ನನ್ನ ಬೂಟು ಸದ್ದು ಮಾಡಲಿಲ್ಲ.

ನಿನ್ನ ಹದಿನೆಂಟರಲ್ಲಿ ಹತ್ತು ಜನ ನನ್ನ ಹಿಂದೆ ಬಂದರು, ಮೂವರು ಸೆನೆಟರ್ ಕಡೆ ಹೋದರು, ಐವರು ಮನೆಗೆ ಹೊರಟರು. ಆ ಐವರಲ್ಲಿ ನೀನೊಬ್ಬ. ಹತ್ತರಲ್ಲಿ ನಿಮ್ಮಮ್ಮ ಒಬ್ಬರು. ಎಂಬತ್ತೇಳನೆಯ ವಯಸ್ಸಿನಲ್ಲಿ ಪಕ್ಷಾಂತರ, ಅದೂ ಊರುಗೋಲಿನ ಮೇಲೆ. ನಮ್ಮ ವಾರ್ಡಿನಲ್ಲಿ ಗವರ್ನರ್‌ಗೆ ಸೊನ್ನೆ. ಅವರು ನಿನ್ನೆ ಸ್ಪರ್ಧೆಯಿಂದ ಹಿಂದೆ ಸರಿದರೆಂದು ರೇಡಿಯೋದಲ್ಲಿ ಬಂತು. ನಮ್ಮ ವಾರ್ಡೊಂದರಿಂದಲೇ ಅಲ್ಲ, ಆದರೂ ರೇಡಿಯೋ ಆರಿಸಿ ಅವರ ಆ ಎರಡು ಪುಟದ ಉತ್ತರವನ್ನು ಮತ್ತೆ ಓದಿದೆ. ನಿನಗೆ ಎಸೆದ ಕಲ್ಲು ಒಳ್ಳೆಯ ಮನುಷ್ಯನೊಬ್ಬನಿಗೂ ತಾಗಿತು. ಆ ಪಾಪ ನನ್ನದು, ಇಟ್ಟುಕೊಳ್ಳುತ್ತೇನೆ. ಕಲ್ಲು ಎಸೆದದ್ದಕ್ಕೆ ಮಾತ್ರ ಪಶ್ಚಾತ್ತಾಪವಿಲ್ಲ. ದೂರು ಹಿಂತೆಗೆದುಕೋ, ವೆಂಡಲ್‌ಗೆ ನಿದ್ದೆ ಬರಲಿ.

ತನ್ನ ಅಕ್ಷರದಲ್ಲಿ, ತನ್ನ ಹೆಸರಿನಲ್ಲಿ,
ಆರ್ಡಿತ್ ತ್ಯಾಡೆನ್

ಮರೆತ ಮಾತು: ಎಲ್ಲ ಮೊದಲೇ ಲೆಕ್ಕ ಹಾಕಿದ್ದೆ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಹೊಡೆದುಹಾಕೋಣವೆಂದರೆ ಪುಟ ಕೊಳಕಾಗುತ್ತದೆ. ಆ ಸಂಜೆ ನಾನು ಎಲ್ಲಿಗೂ ಹೋಗುವವಳಿರಲಿಲ್ಲ. ಗವರ್ನರ್‌ಗಾಗಿ ನಿನ್ನ ಪಕ್ಕ ನಿಲ್ಲಲಾರೆ, ನಿನ್ನ ಮೇಲಿನ ಕೋಪಕ್ಕಾಗಿ ಗವರ್ನರ್‌ಗೆ ಎದುರು ನಿಲ್ಲಲಾರೆ ಎಂದು ಮನೆಯೊಳಗಿನ ಚಪ್ಪಲಿ ಮೆಟ್ಟಿ ಸೂಪ್ ಬಿಸಿಗಿಟ್ಟಿದ್ದೆ. ಆರೂವರೆಗೆ ನಿಮ್ಮಮ್ಮ ಫೋನ್ ಮಾಡಿದರು. ಕೋಟು ಹಾಕಿಕೊಂಡು ಐದೂವರೆಯಿಂದ ಕಿಟಕಿಯ ಬಳಿ ಕೂತಿದ್ದರಂತೆ, ಲೊವೆಲ್ ಬರ್ತೀನಿ ಅಂದಿದ್ದ, ಬರಲಿಲ್ಲ ಎಂದರು. ಹಿಮದಲ್ಲಿ ಅವರ ಕೈ ಹಿಡಿದು ಜಿಮ್‌ನ ಬಾಗಿಲವರೆಗೆ ತಂದೆ. ಹಿಂದಿರುಗೋಣವೆಂದರೆ, ಒಳಗೆ ಬರ್ತೀನಿ ಎಂದು ನಾನು ಮಾತು ಕೊಡುವವರೆಗೂ ಅವರು ನನ್ನ ತೋಳು ಬಿಡಲಿಲ್ಲ. ನೀನೇ ಹೋಗಿ ನಿನ್ನ ತಾಯಿಯನ್ನು ಕರೆತಂದಿದ್ದರೆ ಒಳಗೆ ನೂರಿಪ್ಪತ್ತೇ ಜನ ಇರುತ್ತಿದ್ದರು, ಲೊವೆಲ್. ಹದಿನೆಂಟು ಸಾಕಾಗುತ್ತಿತ್ತು.