ಮಗ ಬಾರದ ಚಿತ್ರ

ಮೇಲಿನ ಅಂಕೋಲೆ
ಕ್ರಿಸ್ತಶಕ ೨೩೧೮, ಹದಿಮೂರನೆಯ ತಿಂಗಳ ಐದನೆಯ ದಿನ

ಹಿಂದಿನವರಿಗೆ,

ಹದಿಮೂರನೆಯ ತಿಂಗಳೆಂದರೆ ನೀವು ನಗಬಹುದು. ತಿಂಗಳಿಗೆ ನಾಲ್ಕೇ ವಾರ ಎಂದು ನಿಗದಿಯಾದ ಮೇಲೆ ವರ್ಷಕ್ಕೆ ಇನ್ನೊಂದು ತಿಂಗಳು ಬೇಕಾಯಿತು. ನನ್ನ ಕನ್ನಡದಲ್ಲೂ ನಿಮಗೆ ಗುರುತು ಸಿಗದ ಮಾತುಗಳು ನುಸುಳಿದರೆ ಕ್ಷಮಿಸಿ. ಹಳೆಯ ಚಿತ್ರಗಳನ್ನು ನೋಡಿ ನೋಡಿ ಕಲಿತ ಭಾಷೆಯಲ್ಲೇ ಬರೆಯಲು ಯತ್ನಿಸಿದ್ದೇನೆ.

ನನ್ನ ಹೆಸರು ಶೇವಂತಿ. ಕಡಲು ಏರಿದ ಮೇಲೆ ಗುಡ್ಡ ಹತ್ತಿ ಬಂದು ನೆಲೆಸಿದ ಊರು ನಮ್ಮದು. ತಮ್ಮ ಸುಧಾಕರ ಇಲ್ಲಿ ಚಿತ್ರಮಂದಿರ ನಡೆಸುತ್ತಾನೆ. ಇಂಥವು ಈಗ ಕರಾವಳಿಯಲ್ಲಿ ಬೆರಳೆಣಿಕೆಯಷ್ಟು. ಉಳಿದವರೆಲ್ಲ ಮನೆಯಲ್ಲೇ ಹೊಂದುಚಿತ್ರ ನೋಡುತ್ತಾರೆ. ನೋಡುವವರ ಉಸಿರು, ನಾಡಿ, ಮನಸ್ಸಿನಲ್ಲಿರುವ ಮುಖಗಳನ್ನೂ ಗಮನಿಸಿ, ಅವರಿಗೆ ಹಿತವಾಗುವಂತೆ ಕತೆ ತಾನೇ ತಿರುಗಿಕೊಳ್ಳುವ ಚಿತ್ರ ಅದು. ಎರಡನೆಯ ಸಲ ನೋಡಿದರೆ ಬೇರೆಯದೇ ಇರುತ್ತದೆ. ಯಾರು ನೋಡಿದರೂ, ಎಷ್ಟು ಸಲ ನೋಡಿದರೂ ಹಾಗೆಯೇ ಉಳಿಯುವುದನ್ನು ನಾವು ನಿಲುಚಿತ್ರ ಎನ್ನುತ್ತೇವೆ. ನೀವು ಬರೀ ಸಿನಿಮಾ ಎನ್ನುವುದು ಅದನ್ನೇ.

ನನಗೆ ನಿಲುಚಿತ್ರಗಳ ಹುಚ್ಚು, ಅದರಲ್ಲೂ ನಿರ್ದೇಶಕಿ ತುಳಜಾ ಶಾನಭಾಗರ ಚಿತ್ರಗಳದು. ನಿಮ್ಮ ಕಾಲದಲ್ಲಿ ಅವರಿನ್ನೂ ಅಂಬೆಗಾಲಿಡುತ್ತಿರಬಹುದು. ಆಮೇಲೆ ಬಹಳ ದೊಡ್ಡ ಹೆಸರಾದರು. ಅವರ ಕೊನೆಯ ಚಿತ್ರದಲ್ಲಿ ಒಬ್ಬ ತಾಯಿ ಯುದ್ಧಕ್ಕೆ ಹೋದ ಮಗನಿಗಾಗಿ ದಿನವೂ ಸಂಜೆ ಬಾಗಿಲು ತೆರೆದಿಟ್ಟು ಕೂರುತ್ತಾಳೆ. ಅವನು ಬರುವುದಿಲ್ಲ. ಕೊನೆಗೆ ಅವಳೇ ಎದ್ದು ಬಾಗಿಲು ಹಾಕುತ್ತಾಳೆ. ಹುಡುಗಿಯಾಗಿದ್ದಾಗ ನೋಡಿ ಆಕಳಿಸಿದ್ದೆ. ನಾನು ತಾಯಿಯಾದ ಮೇಲೆ ನೋಡಿದರೆ, ಅವಳು ಸುಮ್ಮನೆ ಮಗನ ತಟ್ಟೆ ಒರೆಸುವ ದೃಶ್ಯವನ್ನೇ ಸಹಿಸಲಾಗಲಿಲ್ಲ. ಚಿತ್ರ ಎಳ್ಳಷ್ಟೂ ಬದಲಾಗಿರಲಿಲ್ಲ. ನಾನು ಎಷ್ಟು ದೂರ ನಡೆದು ಬಂದಿದ್ದೆನೆಂಬುದು ತಿಳಿದದ್ದು ಅದು ನಿಂತಲ್ಲೇ ನಿಂತಿದ್ದರಿಂದ.

ನಮ್ಮ ನೆರೆಮನೆಯ ಬೀರಮ್ಮನ ಮಗ ಗಣಪು ಹೋದ ವರ್ಷ ಮೀನಿಗೆ ಹೋದವನು ತಿರುಗಿ ಬರಲಿಲ್ಲ. ದೋಣಿಯ ಹಲಗೆಯೂ ಸಿಗಲಿಲ್ಲ. ಬೀರಮ್ಮ ಮಾತು ಬಿಟ್ಟಳು. ತಿಂಗಳುಗಟ್ಟಲೆ ಮನೆಯಿಂದ ಹೊರಬರದವಳು ಒಂದು ಮಧ್ಯಾಹ್ನ ತಾನಾಗಿ ಚಿತ್ರಮಂದಿರಕ್ಕೆ ಬಂದು, ಆ ಬಾಗಿಲಿನ ಚಿತ್ರ ಹಾಕು ಎಂದು ಸುಧಾಕರನನ್ನು ಕೇಳಿದಳು.  ಅವಳಿಗೆ ಇನ್ನಷ್ಟು ನೋವಾಗಬಾರದೆಂದು ಅವನು, ಚಿತ್ರದ ಒಂದು ಪ್ರತಿಯನ್ನು ಹೊಂದುಚಿತ್ರವಾಗಿಸುವ ಯಂತ್ರಕ್ಕೆ ಕೊಟ್ಟು ಹಾಕಿದ. ಕೊನೆಯಲ್ಲಿ ಅಂಗಳದಲ್ಲಿ ಹೆಜ್ಜೆ ಸಪ್ಪಳವಾಯಿತು. ಮಗ ಬಂದ. ತಾಯಿ ಅವನ ಮುಖ ಸವರಿದಳು. ಆ ಮುಖ ಗಣಪುವಿನದಾಗಿತ್ತು.

ಬೀರಮ್ಮ ಎದ್ದು ನಿಂತಳು. ಅಳಲಿಲ್ಲ.

"ಇದ್ ತೆಗಿ ಸುಧಾಕರ," ಎಂದಳು. "ನನ್ ಮಗ ಬರ್ಲಿಲ್ಲ. ಅವ್ಳ ಮಗನೂ ಬರ್ಲಿಲ್ಲ. ನನ್ ಜೊತಿ ಇರೋಳು ಅವ್ಳೊಬ್ಳೇಯ. ಅವ್ಳನ್ನೂ ಕಸ್ಕೊಳ್ಬೇಡ."

ಸುಧಾಕರ ಯಂತ್ರ ನಿಲ್ಲಿಸಿ, ಮೂಲ ಚಿತ್ರವನ್ನು ಮೊದಲಿನಿಂದ ಹಾಕಿದ. ಹಿಂದಿನ ಸಾಲಿನಲ್ಲಿದ್ದ ನಾನು ಎದ್ದು ಹೋಗಿ ಅವಳ ಪಕ್ಕ ಕೂತೆ. ಪರದೆಯ ಮೇಲಿನ ತಾಯಿ ಬಾಗಿಲು ಹಾಕಿದಾಗ ಬೀರಮ್ಮ ನನ್ನ ಕೈ ಹಿಡಿದು, ಮಗ ಹೋದ ಮೇಲೆ ಮೊದಲ ಬಾರಿಗೆ ದನಿಯೆತ್ತಿ ಅತ್ತಳು. ಈಗ ವಾರಕ್ಕೊಮ್ಮೆ ಬರುತ್ತಾಳೆ, ನೋಡಿದ್ದನ್ನೇ ನೋಡುತ್ತಾಳೆ. ದಾರಿಯಲ್ಲಿ ಚೂರುಪಾರು ಮಾತಾಡುತ್ತಾಳೆ. ಆ ತಾಯಿ ಬಾಗಿಲು ಮುಚ್ಚುತ್ತಾಳೆಯೇ ಹೊರತು ಅಗುಳಿ ಹಾಕುವುದಿಲ್ಲ ಎಂದು ಕಳೆದ ವಾರ ಹೇಳಿದಳು.

ಈಗ ನಿಮ್ಮಲ್ಲಿ ಒಂದು ಬೇಡಿಕೆ. ಮಗ ಬರುವಂತೆ ಮಾಡಿ, ಜನ ಸಂತೋಷವಾಗಿ ಮನೆಗೆ ಹೋಗುತ್ತಾರೆ ಎಂದು ತುಳಜಾ ಅವರಿಗೆ ಹೇಳಿದವರು ಬಹಳ ಮಂದಿಯಂತೆ. ಬೇಡ ಎಂದು ಅವರ ಪಕ್ಕ ನಿಂತವರೂ ಯಾರೋ ಇದ್ದರು. ಅವರ ಹೆಸರು ನಮ್ಮವರೆಗೆ ಬಂದಿಲ್ಲ. ಅದು ನೀವಿರಬಹುದು, ನಿಮ್ಮ ಮಕ್ಕಳಿರಬಹುದು. ತುಳಜಾ ಅವರಂಥ ಹೆಣ್ಣುಮಗಳೊಬ್ಬಳು ಕತೆ ಹಿಡಿದು ನಿಮ್ಮ ಬಳಿ ಬಂದರೆ, ಆ ಮಗನನ್ನು ಕರೆತರಲು ಹೇಳಬೇಡಿ. ಇಲ್ಲಿ ಒಬ್ಬಳಿಗೆ ಆ ತಾಯಿಯ ಜೊತೆ ಕೂರಬೇಕಾಗಿದೆ.

ಶೇವಂತಿ