ದಿಯಾನಾಳ ಕೆನ್ನೆ, ನನ್ನ ಕಿವಿ

ಕರ್ರಾರ, ೫ ಮಾರ್ಚ್ ೧೮೨೧
ಬೆಳಿಗ್ಗೆ ಮೂಗು. ಮಧ್ಯಾಹ್ನ ಮೇಲ್ದುಟಿ. ಬೇಟೆದೇವತೆ ದಿಯಾನಾ ಅಮೃತಶಿಲೆಯಿಂದ ಹೊರಗೆ ಬರುತ್ತಿದ್ದಾಳೆ. ನನ್ನಷ್ಟು ತೆಳುವಾಗಿ ಉಳಿ ಆಡಿಸುವವನು ಈ ಊರಲ್ಲಿ ಇನ್ನೊಬ್ಬನಿಲ್ಲ. ಇದ್ದರೂ ನನಗೆ ಗೊತ್ತಿಲ್ಲ.

ಕಲ್ಲು ಆರಿಸಿದವನೂ ನಾನೇ. ಗಣಿಯಲ್ಲಿ ಸುತ್ತಿಗೆಯಿಂದ ತಟ್ಟಿ, ಕಿವಿಯಿಟ್ಟು, "ಗಂಟೆ ಹಾಗೆ ಮೊಳಗ್ತು ಸ್ವಾಮಿ! ಒಳಗೆ ಬಿರುಕಿದ್ರೆ ನನ್ನ ಮತ್ತೆ ಬಂಡೆ ಇಳಿಸೋ ಇಳಿಜಾರಿಗೆ ಹಾಕಿ, ಹಗ್ಗ ಹಿಡೀತೀನಿ" ಎಂದಿದ್ದೆ. ಯಜಮಾನ ಬರ್ಸಾಂತಿ ನಗಲಿಲ್ಲ. "ಆಯ್ತು" ಎಂದ.

೬ ಮಾರ್ಚ್
ಜೆಲಿಂದಾ ಒದ್ದೆ ಬಟ್ಟೆಯಿಂದ ಮುಖ ತೊಳೆದಳು. ನನ್ನ ತೀರಿಹೋದ ತಂಗಿಯ ಮಗಳು, ಇಲ್ಲೇ ಕಲ್ಲಿಗೆ ಹೊಳಪು ಕೊಡುತ್ತಾಳೆ.
"ಮಾವ, ಇಲ್ನೋಡು."
ಎಲ್ಲ ಕಡೆ ನೀರು ಆರಿತ್ತು. ಕಿವಿಯ ಹಿಂದೆ ಒಂದು ಗೆರೆ ಮಾತ್ರ ಆರಿರಲಿಲ್ಲ. ಬಿರುಕು. ಕೆನ್ನೆಯ ಕಡೆಗೇ ಹೊರಟಿದೆ.

೯ ಮಾರ್ಚ್
ಎರಡು ದಿನ ಬರೆಯಲಾಗಲಿಲ್ಲ.
ಇಲ್ಲಿ ಬರೆದರೆ ಯಾರೂ ಓದುವುದಿಲ್ಲ, ಬರೆದುಬಿಡುತ್ತೇನೆ. ಆ ದಿನ ಗಣಿಯಲ್ಲಿ ನನಗೆ ಏನೂ ಕೇಳಿಸಲಿಲ್ಲ. ಸಿಡಿಮದ್ದಿಗೆ ಕಿವಿ ಹೋಗಿ ಎರಡು ವರ್ಷವಾಯಿತು. ಎದುರು ನಿಂತವರ ತುಟಿ ನೋಡಿ ಕಾಲ ತಳ್ಳುತ್ತಿದ್ದೇನೆ. ಸುತ್ತಿಗೆ ಬಿದ್ದಾಗ ಪಕ್ಕದಲ್ಲಿದ್ದ ಹೇಸರಗತ್ತೆ ಕಿವಿ ನಿಮಿರಿಸಿತು. ಕಲ್ಲು ಮೊಳಗಿತೆಂದು ಅದನ್ನೇ ನಂಬಿದೆ...
ಅರವತ್ತರಲ್ಲಿ ಮತ್ತೆ ಆ ಇಳಿಜಾರು. ಜೆಲಿಂದಾಳ ಅಪ್ಪ ಬಂಡೆಯ ಕೆಳಗೆ ಸಿಕ್ಕಿದ್ದು ಅಲ್ಲೇ.

೧೪ ಮಾರ್ಚ್, ಸಂಜೆ
ಕಿವಿಯ ಹಿಂದೆ ಕೂದಲ ಜಾಗದಲ್ಲಿ ಇನ್ನೂ ಎರಡು ಬೆರಳು ದಪ್ಪ ಕಲ್ಲು ತೆಗೆಯುವುದಿತ್ತು. ತೆಗೆದೆ. ಜೆಲಿಂದಾ ನೀರು ಸುರಿದಳು. ಇಬ್ಬರೂ ಉಸಿರು ಹಿಡಿದು ನಿಂತೆವು.
ಆರಿತು. ಎಲ್ಲ ಒಟ್ಟಿಗೆ ಆರಿತು!
ಬಿರುಕು ನೆಲದ ಮೇಲೆ ಚೂರಾಗಿ ಬಿದ್ದಿತ್ತು. ಅದರ ಮೇಲೆಯೇ ಕುಳಿತೆ.
ಬರ್ಸಾಂತಿ ಬಂದು ನೋಡಿದ. "ನಿಂದು ಕಿವಿ ಅಲ್ಲ ಕಣಯ್ಯ, ವರ!"
"ನಂಗೆ ಆವತ್ತೇ ಗೊತ್ತಿತ್ತು ಸ್ವಾಮಿ" ಎಂದೆ.
ನಾಡಿದ್ದು ಅಪೊಲೋ ಮೂರ್ತಿಗೂ ನಾನೇ ಕಲ್ಲು ಆರಿಸಬೇಕಂತೆ. ಬಾಯಿ ಮುಚ್ಚಿಕೊಂಡಿರಬಾರದಿತ್ತೇ?

೧೫ ಮಾರ್ಚ್
ಊಟಕ್ಕೆ ಚೆಸ್ಟ್‌ನಟ್ ರೊಟ್ಟಿ, ಹಂದಿಕೊಬ್ಬು. ಜೆಲಿಂದಾ ಎದುರಿಗೆ ಬಂದು ಕುಳಿತಳು.
"ಮಾವ, ನಿಂಗೆ ಕಿವಿ ಕೇಳ್ಸಲ್ಲ ಅಂತ ನಂಗೊತ್ತು."
"ಯಾರೇ ಹೇಳಿದ್ದು?"
"ಎರಡು ವರ್ಷದಿಂದ ನಿನ್ನ ಬೆನ್ನ ಹಿಂದೆ ನಿಂತು ದಿನಾ ಬೈತೀನಿ. ಒಂದಿನಾನೂ ತಿರುಗಿ ಬೈದಿಲ್ಲ ನೀನು. ನೀನು! ಸುಮ್ನಿರೋ ಮನುಷ್ಯನಾ?"
ರೊಟ್ಟಿ ತಟ್ಟೆಗಿಟ್ಟೆ.
"ನಾಳೆ ನಾನೂ ಬರ್ತೀನಿ. ಕಲ್ಲು ಮೊಳಗಿದ್ರೆ ಒಂದ್ಸಲ ಚಿವುಟ್ತೀನಿ. ಸದ್ದು ಮಂಕಾಗಿದ್ರೆ ಎರಡು ಸಲ."
"ಹೇಸರಗತ್ತೆಗಿಂತ ನೀನೇ ವಾಸಿ" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಒಳ್ಳೆಯದೇ ಆಯಿತು.

೧೬ ಮಾರ್ಚ್
ಐದು ಕಲ್ಲು ತಟ್ಟಿದೆ. ನಾಲ್ಕಕ್ಕೆ ಎರಡೆರಡು ಚಿವುಟು, ಐದನೆಯದಕ್ಕೆ ಒಂದು. ಕಣ್ಣು ಮುಚ್ಚಿ, ತಲೆದೂಗಿ, "ಇದೇ!" ಎಂದೆ. ಎಲ್ಲರೂ ಟೋಪಿ ತೆಗೆದರು. ತೋಳು ನೀಲಿಗಟ್ಟಿದೆ. ಇಷ್ಟು ಹಗುರಾಗಿ ಕುಳಿತು ಬರೆದು ಎಷ್ಟು ದಿನವಾಯಿತೋ.
ಪುಟದ ಮೇಲೆ ನೆರಳು ಬಿತ್ತು. ಜೆಲಿಂದಾ ಹಿಂದೆ ನಿಂತಿದ್ದಾಳೆ. ಬೈಯುತ್ತಿರಬೇಕು. ನಾನು ತಿರುಗುವುದಿಲ್ಲ. ಬೈಯಲಿ, ಎಷ್ಟು ಬೇಕಾದರೂ—